ಪುರಾವೆ ಯಾರ ಕಪಾಟಿನಲ್ಲಿದೆ? ಕಾಳಿ ಸೀಮೆಯ ಕಡತಗಳು ಮತ್ತು ಪ್ರಜೆಯ ಹಕ್ಕು



ಸರ್ಕಾರದ ಕಡತಗಳೂ ನ್ಯಾಯಾಲಯದ ದಾಖಲೆಗಳೂ ಜನರಿಗೆ ಖರ್ಚಿಲ್ಲದೆ, ಅಡೆತಡೆಯಿಲ್ಲದೆ ದೊರೆಯಬೇಕೆಂದು ವಾದಿಸುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ತೆರಿಗೆಯ ಹಣದಿಂದ ಸಿದ್ಧವಾದದ್ದು ತೆರಿಗೆ ಕಟ್ಟಿದವರಿಗೆ ಸೇರಬೇಕೆಂಬುದು ಒಂದು. ಎಲ್ಲರ ಕಣ್ಣಿಗೆ ಬೀಳುವ ಕಡೆ ಲಂಚ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಿಂದ ನೋಡಿದಾಗ ಇವೆರಡಕ್ಕಿಂತ ಬಲವಾದ ಮೂರನೆಯ ಕಾರಣವೊಂದು ಎದ್ದು ಕಾಣುತ್ತದೆ. ಈ ಕಾಡಂಚಿನ ಸೀಮೆಯಲ್ಲಿ ಒಂದು ಕುಟುಂಬದ ಮನೆ, ಗದ್ದೆ, ಜಾತಿ ಪ್ರಮಾಣಪತ್ರ, ಪರಿಹಾರದ ಮೊತ್ತ, ಕೆಲವರ ಮಟ್ಟಿಗೆ ಪೌರತ್ವ ಕೂಡ, ಹಳೆಯ ಕಾಗದವೊಂದರ ಮೇಲೆ ನಿಂತಿದೆ. ಆ ಕಾಗದವನ್ನು ತಂದು ತೋರಿಸು ಎನ್ನುವುದು ಪ್ರಭುತ್ವ. ಆ ಕಾಗದವನ್ನು ಬರೆದದ್ದೂ ಬೀಗ ಹಾಕಿ ಇಟ್ಟುಕೊಂಡದ್ದೂ ಬಹುಮಟ್ಟಿಗೆ ಅದೇ ಪ್ರಭುತ್ವ. ಪುರಾವೆ ಕೇಳುವವರೂ ಪುರಾವೆ ಇಟ್ಟುಕೊಂಡವರೂ ಒಬ್ಬರೇ ಆದ ಮೇಲೆ ಕಪಾಟಿನ ಬಾಗಿಲು ತೆರೆಯುವುದು ಅವರು ಮಾಡುವ ಉಪಕಾರವಾಗಿ ಉಳಿಯುವುದಿಲ್ಲ, ತೀರಿಸಬೇಕಾದ ಋಣವಾಗುತ್ತದೆ. ಇಂದಿನ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಲು ಹೊರಟಿರುವುದು ಈ ಒಂದೇ ವಿಚಾರವನ್ನು.

ಈ ಸೀಮೆಯ ದಾಖಲೆಗಳ ಚರಿತ್ರೆ ಉದ್ದವಾದದ್ದು, ಚದುರಿಹೋದದ್ದು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಆಗ ಇಲ್ಲಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಶಾನುಭೋಗರ ಮನೆಗಳಲ್ಲಿ ಉಳಿದಿದ್ದ ಕಪ್ಪು ಕಡತಗಳನ್ನು ತರಿಸಿ ನೋಡಿ, ಅವುಗಳ ಆಧಾರದ ಮೇಲೆ ಹಿಂದಿನ ಅರಸರ ಕಾಲದ ಕಂದಾಯ ಪದ್ಧತಿಯನ್ನು ವಿವರಿಸಿದ. ಅಂದರೆ ಹೊಸ ಆಡಳಿತಕ್ಕೂ ಹಳೆಯ ಕಾಗದವೇ ಆಧಾರವಾಯಿತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಮುಂದೆ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ತಾಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ನೆಲೆ ಕಳೆದುಕೊಂಡ ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ಈಚೆಗೆ ದಾಂಡೇಲಿ ಹಳಿಯಾಳದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾಗಿದೆ. ಗಡಿ ಬದಲಾದಾಗಲೆಲ್ಲ ಕಡತಗಳು ಒಂದಿಷ್ಟು ಹೊಸ ಕಚೇರಿಗೆ ಬಂದಿವೆ, ಒಂದಿಷ್ಟು ಹಳೆಯ ರಾಜಧಾನಿಯಲ್ಲೇ ಉಳಿದಿವೆ. ಹೀಗಾಗಿ ಒಂದು ಹಳ್ಳಿಯ ಜಮೀನಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾದವರು ಚೆನ್ನೈ, ಮುಂಬೈ, ಬೆಂಗಳೂರು, ಕಾರವಾರಗಳ ದಾಖಲೆ ಕೋಣೆಗಳನ್ನು ಸುತ್ತಬೇಕಾಗುತ್ತದೆ. ಹಳೆಯ ಮುಂಬೈ ಪ್ರಾಂತದ ಕಾಗದಗಳಲ್ಲಿ ಮೋಡಿ ಲಿಪಿಯವೂ ಇವೆ. 1883ರಲ್ಲಿ ಪ್ರಕಟವಾದ ಕೆನರಾ ಗೆಜೆಟಿಯರಿನ ಸಂಪುಟಗಳು ಇಂಗ್ಲಿಷಿನಲ್ಲಿವೆ.

ಕಾಗದ ಇದ್ದವರು ಗೆಲ್ಲುವುದು, ಇಲ್ಲದವರು ಸೋಲುವುದು ಇಲ್ಲಿ ಹೊಸದಲ್ಲ. ಕೆನರಾದ ಕಾಡು ಯಾರದು ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲೇ ನ್ಯಾಯಾಲಯ ಹತ್ತಿತ್ತು. ಭಾಸ್ಕರಪ್ಪ ಮತ್ತು ಉತ್ತರ ಕೆನರಾ ಕಲೆಕ್ಟರ್ ನಡುವಿನ ಪ್ರಕರಣದಲ್ಲಿ 1879ರಲ್ಲಿ ಮುಂಬೈ ಹೈಕೋರ್ಟ್ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ, ವಂಶಪಾರಂಪರ್ಯವಾದ ಮೂಲಿ ವರ್ಗದ ಹಿಡುವಳಿ, ಹಿಂದಿನ ಅರಸರ ಕಾಲದ ವಹಿವಾಟು ಎಲ್ಲವನ್ನೂ ದಾಖಲೆಗಳ ಮೂಲಕ ಸುದೀರ್ಘವಾಗಿ ಪರಿಶೀಲಿಸಿ, ಅರಣ್ಯದ ಮೇಲೆ ಖಾಸಗಿ ಒಡೆತನ ಸಾಬೀತಾಗಿಲ್ಲವೆಂದು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನ ಸರಿ ತಪ್ಪು ಇಲ್ಲಿ ನಮ್ಮ ವಿಚಾರವಲ್ಲ. ಗಮನಿಸಬೇಕಾದದ್ದು ಅದರ ಹಿಂದಿನ ಏರ್ಪಾಡು. ಒಂದು ಪಕ್ಷದ ಕೈಯಲ್ಲಿ ಇಡೀ ಪ್ರಾಂತದ ದಫ್ತರವಿತ್ತು, ಇನ್ನೊಂದು ಪಕ್ಷದ ಕೈಯಲ್ಲಿ ಮನೆಯಲ್ಲಿ ಉಳಿದ ನಾಲ್ಕಾರು ಕಾಗದಗಳಿದ್ದವು. ಅನುಕೂಲಸ್ಥ ಹಿಡುವಳಿದಾರರ ಪಾಡೇ ಹೀಗಿದ್ದರೆ, ಕುಮರಿ ಕಡಿದು ರಾಗಿ ಬಿತ್ತಿ ಬೆಳೆದವರಿಗೆ, ದನ ಮೇಯಿಸುತ್ತ ಅಡವಿಯಲ್ಲಿ ತಿರುಗಿದವರಿಗೆ ಕಾಗದ ಎಲ್ಲಿಂದ ಬರಬೇಕು? ಅವರ ಬದುಕು ದಾಖಲೆಗೆ ಏರಿದ್ದು ಹೆಚ್ಚಾಗಿ ಇನ್ನೊಬ್ಬರ ಕೈಬರಹದಲ್ಲಿ: ಅರಣ್ಯ ವ್ಯವಸ್ಥಾಪನೆಯ ವರದಿಯಲ್ಲಿ, ಜನಗಣತಿಯ ಪುಟದಲ್ಲಿ, ದಂಡದ ರಸೀದಿಯಲ್ಲಿ.

2006ರ ಅರಣ್ಯ ಹಕ್ಕು ಮಾನ್ಯತಾ ಕಾಯ್ದೆ ಈ ಹಳೆಯ ಅನ್ಯಾಯವನ್ನು ಸರಿಪಡಿಸುವೆನೆಂದು ಹೇಳಿಕೊಂಡೇ ಬಂದದ್ದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ನೆಲೆಸಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಈ ಸೀಮೆಯಲ್ಲಿ ಅದರ ಪರಿಣಾಮ ವಿಚಿತ್ರವಾದದ್ದು. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಅವರಿಗೆ 75 ವರ್ಷಗಳ ಷರತ್ತಿಲ್ಲ. ಪಕ್ಕದ ಗೋವಾದಲ್ಲಿ ಕುಣಬಿಯರು ಅದೇ ವರ್ಷ ಪಟ್ಟಿಗೆ ಸೇರಿದರು, ಗಡಿಯ ಈಚೆ ಜೋಯಿಡಾದ ಕುಣಬಿಯರು ಸೇರಲಿಲ್ಲ. ದನಗರ ಗೌಳಿಗಳೂ ಸೇರಲಿಲ್ಲ. ಒಂದೇ ಅಡವಿಯಲ್ಲಿ, ಒಂದೇ ಹಳ್ಳದ ನೀರು ಕುಡಿದು ಬದುಕಿದ ನೆರೆಹೊರೆಯವರಲ್ಲಿ ಒಬ್ಬರಿಗೆ ಬೇಕಿಲ್ಲದ ಪುರಾವೆ ಇನ್ನೊಬ್ಬರಿಗೆ ಬೇಕು, ಅದೂ ಬ್ರಿಟಿಷರ ಕಾಲದ್ದು. ಆ ಕಾಲದ ಪುರಾವೆ ಸಿಗಬಹುದಾದ ಜಾಗ ಸರ್ಕಾರದ ದಫ್ತರವೇ ಹೊರತು ಗುಡಿಸಲಿನ ಮಾಡಿನ ಸಂದಿಯಲ್ಲ.

ಕಾಯ್ದೆಯ ಕೆಳಗೆ ರಚಿತವಾದ ನಿಯಮಗಳು ಇದನ್ನು ಅರಿಯದೆ ಇಲ್ಲ. ಪುರಾವೆಗಳ ಕುರಿತ 13ನೆಯ ನಿಯಮ ಏನನ್ನು ಪಟ್ಟಿಮಾಡುತ್ತದೆ ನೋಡಿ: ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಜಮಾಬಂದಿ ವರದಿ, ನಕ್ಷೆ, ಅರಣ್ಯ ಕಾರ್ಯಯೋಜನೆ, ಸರ್ಕಾರಿ ಆದೇಶ, ಹಿಂದಿನ ಸಂಸ್ಥಾನ ಅಥವಾ ಪ್ರಾಂತದ ಕಾಲದ ಹಕ್ಕು ರಿಯಾಯಿತಿಗಳ ದಾಖಲೆ, ನ್ಯಾಯಾಲಯದ ಆದೇಶ ಮತ್ತು ತೀರ್ಪು. ಇವುಗಳ ಜೊತೆಗೆ ಹಿರಿಯರ ಬರಹಕ್ಕಿಳಿಸಿದ ಹೇಳಿಕೆ, ಮನೆ, ಬಾವಿ, ಸಮಾಧಿಯಂಥ ಕಣ್ಣಿಗೆ ಕಾಣುವ ಗುರುತುಗಳೂ ಸಲ್ಲುತ್ತವೆ. ಪಟ್ಟಿಯ ದೊಡ್ಡ ಪಾಲು ಸರ್ಕಾರದ ಸ್ವತ್ತು ಎಂಬುದು ಸ್ಪಷ್ಟ. ಅದಕ್ಕೇ 6ನೆಯ ನಿಯಮ ಉಪವಿಭಾಗ ಮಟ್ಟದ ಸಮಿತಿಗೆ ಒಂದು ಹೊಣೆ ಹೊರಿಸುತ್ತದೆ. ಅರಣ್ಯ ನಕ್ಷೆ, ಕಂದಾಯ ನಕ್ಷೆ, ಮತದಾರರ ಪಟ್ಟಿಗಳನ್ನು ಗ್ರಾಮಸಭೆಗೆ ಅಥವಾ ಅರಣ್ಯ ಹಕ್ಕು ಸಮಿತಿಗೆ ಸಮಿತಿಯೇ ಒದಗಿಸಬೇಕು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಇಂಥದೇ ಕಾಗದ ಬೇಕೆಂದು ಹಟ ಹಿಡಿಯಬಾರದು, ಅತಿಕ್ರಮಣದಾರರ ಪಟ್ಟಿ ಅಥವಾ ದಂಡದ ರಸೀದಿಯನ್ನೇ ಏಕೈಕ ಆಧಾರ ಮಾಡಿಕೊಂಡು ಅರ್ಜಿ ತಿರಸ್ಕರಿಸಬಾರದು ಎಂದಿತು. ತಿರಸ್ಕರಿಸಿದರೆ ಕಾರಣ ತಿಳಿಸಬೇಕು, ಅರ್ಜಿದಾರರಿಗೆ ಮೇಲ್ಮನವಿಗೆ 60 ದಿನಗಳ ಅವಕಾಶವಿರಬೇಕು. ನಿಯಮ ಹೀಗಿದ್ದೂ ದೇಶದಾದ್ಯಂತ ಲಕ್ಷಾಂತರ ಅರ್ಜಿಗಳು ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನು ತೆರವುಗೊಳಿಸಲು ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದಲ್ಲಿ ಯಾವ ಕ್ರಮ ಅನುಸರಿಸಿದಿರಿ ಎಂದು ರಾಜ್ಯಗಳನ್ನೇ ಕೇಳಿತು. ಪ್ರಶ್ನೆ ಕೊನೆಗೂ ಕಡತಕ್ಕೇ ಬಂದು ನಿಂತಿತು. ಅರಣ್ಯಭೂಮಿಯನ್ನು ತಾತ್ಕಾಲಿಕ ಸಾಗುವಳಿಗೆ ಕೊಟ್ಟ ಉತ್ತರ ಕನ್ನಡದ ಹಂಗಾಮಿ ಲಾಗಣಿಯ ಕಾಗದಗಳು, ಸಕ್ರಮಕ್ಕೆ ಗಡುವಾಗಿದ್ದ 1978ರ ಏಪ್ರಿಲ್ 27ಕ್ಕೆ ಹಿಂದಿನ ಅತಿಕ್ರಮಣದ ಸಮೀಕ್ಷೆಗಳು, ಅರಣ್ಯ ಇಲಾಖೆ ದಶಕಗಳ ಕಾಲ ದಾಖಲಿಸಿದ ಪ್ರಕರಣಗಳು, ಇವೆಲ್ಲ ಒಬ್ಬನನ್ನು ತಪ್ಪಿತಸ್ಥನೆಂದು ಬರೆದ ಕಾಗದಗಳಾದರೂ ಅವನು ಆ ದಿನ ಆ ಜಾಗದಲ್ಲಿ ಇದ್ದನೆಂಬುದಕ್ಕೆ ಸಾಕ್ಷಿಗಳೂ ಹೌದು. ಅವು ತೆರೆದುಕೊಂಡರೆ ಇಲಾಖೆಯ ವಾದಕ್ಕೂ ಪ್ರಜೆಯ ವಾದಕ್ಕೂ ಒಂದೇ ತಕ್ಕಡಿ ಸಿಗುತ್ತದೆ.

ಹಾಗಾದರೆ ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ, ಇನ್ನೇನು ಬೇಕು ಎಂದು ಕೇಳಬಹುದು. 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಆ ಕಾಯ್ದೆ ನಿಜಕ್ಕೂ ದೊಡ್ಡ ಹೆಜ್ಜೆ. ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಕಾರರು ತಮ್ಮ ಹಾಜರಿ ಪಟ್ಟಿಯನ್ನು ತೋರಿಸಿ ಎಂದು ಕೇಳಿದ ಹೋರಾಟದಿಂದ ಬಲ ಪಡೆದ ಕಾಯ್ದೆ ಅದು. ಕರ್ನಾಟಕವಂತೂ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, 30 ದಿನಗಳ ಗಡುವು, ಏಕೆ ಕೇಳುತ್ತೀರಿ ಎಂದು ಕೇಳುವಂತಿಲ್ಲ. ಆದರೆ ಅರ್ಜಿ ಹಾಕಿ ಪಡೆಯುವ ದಾರಿಗೆ ಒಂದು ಮೂಲಭೂತ ಕೊರತೆಯಿದೆ. ಇಂಥ ಕಾಗದವಿದೆ ಎಂದು ಗೊತ್ತಿದ್ದವರು ಮಾತ್ರ ಅದನ್ನು ಕೇಳಬಲ್ಲರು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಕಡತದ ಸೂಚಿಯೇ ಪ್ರಕಟವಾಗದಿದ್ದಾಗ ಯಾವ ಕಡತವೆಂದು 150 ಪದಗಳಲ್ಲಿ ಹೇಳುವುದು ಹೇಗೆ? ಕಾಯ್ದೆಯ 4ನೆಯ ಕಲಮು ಇದಕ್ಕೆ ಪರಿಹಾರ ಹೇಳಿದೆ. ದಾಖಲೆಗಳನ್ನು ಪಟ್ಟಿಮಾಡಿ ಸೂಚಿ ತಯಾರಿಸಿ, ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಹೊಂದುವ ವಿಧಾನವನ್ನೂ ಗಮನಿಸಬೇಕು. ಉಚಿತವಾಗಿ ಇಲ್ಲವೇ ಮುದ್ರಣದ ಖರ್ಚಿಗಷ್ಟೇ ಕೊಡಬೇಕು. ಮುಕ್ತ ಲಭ್ಯತೆ ಎಂಬುದರ ನಾಲ್ಕು ಅಂಗಗಳು ಇಲ್ಲೇ ಇವೆ: ದರ, ದೂರ, ಭಾಷೆ, ಸೂಚಿ. ದರ ಸೊನ್ನೆಯಾದರೂ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋದರೆ ಅದು ಉಚಿತವಲ್ಲ. ಕಾಗದ ಕೈಗೆ ಬಂದರೂ ಓದಲು ಬಾರದ ಭಾಷೆಯಲ್ಲಿದ್ದರೆ ಅದು ಮುಕ್ತವಲ್ಲ.

ಇದು ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. ಕರ್ನಾಟಕವೇ ಮಾಡಿ ತೋರಿಸಿದೆ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು ಹೊಸ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಗಣಕಕ್ಕೆ ಏರಿದವು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗತೊಡಗಿದವು. ಒಂದು ನಕಲಿಗಾಗಿ ಅಲೆಯುವುದು, ಕೈ ಬೆಚ್ಚಗೆ ಮಾಡುವುದು ಬಹಳಷ್ಟು ತಗ್ಗಿತು. ಇಂದು ಪಹಣಿಯನ್ನೂ ಗ್ರಾಮ ನಕ್ಷೆಯನ್ನೂ ಮೊಬೈಲಿನಲ್ಲೇ ನೋಡಬಹುದು. ತಾಲೂಕು ದಾಖಲೆ ಕೋಣೆಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯೂ ಆರಂಭವಾಗಿದೆ. ಆದರೆ ಈ ಸಾಧನೆಯ ಮಿತಿ ನಮ್ಮ ಸೀಮೆಯಲ್ಲಿ ಬೇಗ ಅರಿವಾಗುತ್ತದೆ. ಪಹಣಿ ತೆರೆದದ್ದು ಪಹಣಿ ಇದ್ದವರಿಗೆ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಈ ಜಿಲ್ಲೆಯ ಬಹುಪಾಲು ನೆಲ ದಾಖಲೆಯಲ್ಲಿ ಅರಣ್ಯ. ಆ ನೆಲದ ಮೇಲೆ ಕುಳಿತವರ ಹೆಸರು ಪಹಣಿಯಲ್ಲಿ ಕಾಣುವುದಿಲ್ಲ. ಕಂಡರೆ ಅರಣ್ಯ ವ್ಯವಸ್ಥಾಪನಾಧಿಕಾರಿಯ ಆದೇಶದಲ್ಲಿ, ಹಳೆಯ ಕಾರ್ಯಯೋಜನೆಯ ಅನುಬಂಧದಲ್ಲಿ ಕಾಣಬೇಕು. ಕಂದಾಯದ ಕಡತಕ್ಕೆ ದೊರೆತ ಬೆಳಕು ಅರಣ್ಯದ ಕಡತಕ್ಕೂ ಪುನರ್ವಸತಿಯ ಕಡತಕ್ಕೂ ದೊರೆಯುವವರೆಗೆ ಕೆಲಸ ಅರ್ಧವೇ.

ಈಗ ನ್ಯಾಯಾಲಯದ ಕಡೆ ಬರೋಣ. 1951ರಲ್ಲಿ ಹರ್ಲಾ ಮತ್ತು ರಾಜಸ್ಥಾನ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತಳಹದಿಯ ತತ್ವವನ್ನು ಹೇಳಿತು. ಜೈಪುರ ಸಂಸ್ಥಾನ ಅಫೀಮಿನ ಕುರಿತು ಮಾಡಿದ್ದ ಕಾನೂನೊಂದು ಎಲ್ಲಿಯೂ ಪ್ರಕಟವಾಗಿರಲಿಲ್ಲ. ಜನರಿಗೆ ತಿಳಿಯುವ ದಾರಿಯೇ ಇಲ್ಲದ ಕಾನೂನಿನಡಿ ಶಿಕ್ಷೆ ಕೊಡುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ತೀರ್ಪು ಸಾರಿತು. ಆರೋಪಿಯ ಶಿಕ್ಷೆ ರದ್ದಾಯಿತು. ಕಾನೂನು ಗೊತ್ತಿಲ್ಲವೆಂಬುದು ನೆಪವಾಗದು ಎಂದು ಪ್ರಜೆಗೆ ಹೇಳುವ ಪ್ರಭುತ್ವ, ಕಾನೂನನ್ನು ಗೊತ್ತುಪಡಿಸುವ ಹೊಣೆಯನ್ನೂ ಹೊರಬೇಕು. ತೀರ್ಪುಗಳೂ ಕಾನೂನೇ. ಕೃತಿಸ್ವಾಮ್ಯ ಕಾಯ್ದೆ ತೀರ್ಪುಗಳ ಮರುಮುದ್ರಣಕ್ಕೆ ಅವಕಾಶ ಕೊಟ್ಟಿದೆ. ತೀರ್ಪಿನ ಮೂಲಪಾಠ ಯಾವ ಪ್ರಕಾಶಕರ ಸೊತ್ತೂ ಅಲ್ಲವೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2023ರಿಂದ ತನ್ನ ಅಧಿಕೃತ ತೀರ್ಪು ಸಂಪುಟಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳು ತಮ್ಮ ದಾಖಲೆಗೆ ಪುಟಕ್ಕೆ 10 ಸೆಂಟ್ ವಸೂಲು ಮಾಡಿ, ಆ ಹಣವನ್ನು ಬೇರೆ ಬಾಬತ್ತಿಗೆ ಬಳಸಿದ್ದು ತಪ್ಪೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯದಿಂದಲೇ 2020ರಲ್ಲಿ ಹೇಳಿಸಿಕೊಂಡವು. ತೀರ್ಪಿನ ವಿಚಾರದಲ್ಲಿ ನಾವು ಉದಾರಿಗಳೇ. ಆದರೆ ತೀರ್ಪಿನ ಹಿಂದಿರುವ ಅರ್ಜಿ, ಪ್ರಮಾಣಪತ್ರ, ಲಗತ್ತುಗಳ ವಿಚಾರದಲ್ಲಿ ಹಾಗಿಲ್ಲ. ಪ್ರಕರಣದ ಪಕ್ಷಗಾರರಲ್ಲದವರು ಅವುಗಳನ್ನು ಮಾಹಿತಿ ಹಕ್ಕಿನಡಿ ಕೇಳಲಾಗದು, ಆಯಾ ಹೈಕೋರ್ಟಿನ ನಿಯಮದಂತೆ ಕಾರಣ ಹೇಳಿಯೇ ಪಡೆಯಬೇಕೆಂದು 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಒಬ್ಬರ ತೀರ್ಪು ಇನ್ನೊಬ್ಬರಿಗೇಕೆ ಎಂಬ ಪ್ರಶ್ನೆಗೆ ಮುಂಡಗೋಡದಲ್ಲೇ ಉತ್ತರವಿದೆ. 1966ರಲ್ಲಿ ಆರಂಭವಾದ ಅಲ್ಲಿಯ ಟಿಬೆಟನ್ ಶಿಬಿರದಲ್ಲಿ ಈ ನೆಲದಲ್ಲೇ ಹುಟ್ಟಿದ ತಲೆಮಾರುಗಳಿವೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂಬ ಕಾಯ್ದೆಯ ಮಾತು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ನ್ಯಾಯಾಲಯಕ್ಕೆ ಹೋದವರು ಒಬ್ಬರು, ಬಾಗಿಲು ತೆರೆದದ್ದು ಅದೇ ಪರಿಸ್ಥಿತಿಯಲ್ಲಿದ್ದ ಎಲ್ಲರಿಗೆ. ಆದರೆ ತೀರ್ಪಿದೆ ಎಂದು ತಿಳಿದು, ಓದಿ, ಕಚೇರಿಯ ಮೇಜಿನ ಮೇಲೆ ಇಡಬಲ್ಲವರಿಗೆ ಮಾತ್ರ. ಇಲ್ಲಿ ಭಾಷೆಯ ತೊಡಕು ಎದುರಾಗುತ್ತದೆ. ಸಂವಿಧಾನದ 348ನೆಯ ವಿಧಿಯ ಕಾರಣ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ಧಾರವಾಡ ಪೀಠ ಬಂದು ದೂರ ಕಡಿಮೆಯಾಯಿತು, ಭಾಷೆಯ ದೂರ ಹಾಗೆಯೇ ಇದೆ. ತೀರ್ಪುಗಳನ್ನು ಕನ್ನಡಕ್ಕೆ ತರುವ ಕೆಲಸ ಆರಂಭವಾಗಿದೆ. ಅದು ಸುದ್ದಿಯಾದ ತೀರ್ಪುಗಳಿಗೆ ಸೀಮಿತವಾಗದೆ ಅರಣ್ಯ, ಭೂಮಿ, ಪುನರ್ವಸತಿಯಂಥ ಜನರ ಬದುಕಿನ ತೀರ್ಪುಗಳಿಗೆ ಮೊದಲ ಮಣೆ ಹಾಕಬೇಕು.

ಮುಚ್ಚಿಟ್ಟ ದಾಖಲೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ಪಶ್ಚಿಮ ಘಟ್ಟದ ವರದಿ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಕೇಂದ್ರ ಪರಿಸರ ಸಚಿವಾಲಯಕ್ಕೆ ಒಪ್ಪಿಸಿತು. ಸಚಿವಾಲಯ ಅದನ್ನು ಪ್ರಕಟಿಸಲಿಲ್ಲ. ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದಾಗ, ವರದಿ ಇನ್ನೂ ಅಂತಿಮವಲ್ಲ, ದೇಶದ ಹಿತಕ್ಕೆ ಧಕ್ಕೆಯಾದೀತು ಎಂಬ ಉತ್ತರ ಬಂತು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಪ್ರಕಟಿಸಲು ಆದೇಶಿಸಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಸೋತಿತು. ಮೇ ತಿಂಗಳಲ್ಲಿ ವರದಿ ಹೊರಬಂತು. ಈ ನಡುವಿನ ತಿಂಗಳುಗಳಲ್ಲಿ ಘಟ್ಟದ ಊರುಗಳಿಗೆ ವರದಿ ಬರಲಿಲ್ಲ, ವದಂತಿ ಬಂತು. ಗ್ರಾಮಸಭೆಗಳು ಓದಿ ಚರ್ಚಿಸಲಿ ಎಂಬುದು ಆ ಸಮಿತಿಯ ಆಶಯವಾಗಿತ್ತು. ಓದದೆಯೇ ಪರ ವಿರೋಧ ಹುಟ್ಟಿಕೊಂಡವು. ಆ ಬಳಿಕ 2014ರಿಂದ ಮತ್ತೆ ಮತ್ತೆ ಹೊರಬಿದ್ದ ಕರಡು ಅಧಿಸೂಚನೆಗಳಿಗೂ ಅದೇ ಅಪನಂಬಿಕೆ ಬೆನ್ನುಹತ್ತಿತು. ವರದಿಯ ಶಿಫಾರಸುಗಳನ್ನು ಒಪ್ಪುವವರೂ ಒಪ್ಪದವರೂ ಇದನ್ನಂತೂ ಒಪ್ಪಬೇಕು: ಮುಚ್ಚಿಟ್ಟದ್ದರಿಂದ ಯಾವ ಪಕ್ಷಕ್ಕೂ ಲಾಭವಾಗಲಿಲ್ಲ. ಭಾಷೆಯ ಮಾತನ್ನಂತೂ ನ್ಯಾಯಾಲಯಗಳೇ ಎತ್ತಿವೆ. 2020ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಕರ್ನಾಟಕ ಹೈಕೋರ್ಟ್ ಕೂಡ ಸ್ಥಳೀಯ ಭಾಷೆಗಳಲ್ಲಿ ಪ್ರಚಾರವಾಗದ ಕಾರಣಕ್ಕೆ ಆ ಅಧಿಸೂಚನೆಯ ಅಂತಿಮ ಪ್ರಕಟಣೆಗೆ ತಡೆ ಹಾಕಿತು.

ತೆರೆದ ಕಡತದಿಂದ ಸರ್ಕಾರಕ್ಕೇ ಇನ್ನೊಂದು ಲಾಭವಿದೆ. ತಪ್ಪು ಬೇಗ ಗೊತ್ತಾಗುತ್ತದೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಾಗ ಉತ್ತರ ಕನ್ನಡದ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುವ ಒಪ್ಪಂದವಾಯಿತೆಂದೂ, ಬಿದಿರಿನ ದಾಸ್ತಾನಿನ ಸರ್ಕಾರಿ ಅಂದಾಜು ವಾಸ್ತವಕ್ಕಿಂತ ಹಲವು ಪಟ್ಟು ಹೆಚ್ಚಿತ್ತೆಂದೂ ಎಪ್ಪತ್ತರ ದಶಕದಲ್ಲಿ ಇಲ್ಲಿಯ ಬಿದಿರನ್ನು ಅಧ್ಯಯನ ಮಾಡಿದ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲವೆಂದು ದನಿ ಎತ್ತಿದ ಮೇಲೆ ಆದ ಪರಿಶೀಲನೆ ಅದು. ಅಂದಾಜಿನ ಲೆಕ್ಕ ಮೊದಲೇ ಎಲ್ಲರ ಕಣ್ಣಿಗೆ ಬಿದ್ದಿದ್ದರೆ ಕಾಡು ಬಲ್ಲವರು ಅಷ್ಟು ಬಿದಿರು ಇಲ್ಲಿಲ್ಲ ಎಂದು ಅಂದೇ ಹೇಳುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ವಿಷಯದಲ್ಲಿ ಆದದ್ದು ಇದಕ್ಕೆ ಎದುರಾದ ನಿದರ್ಶನ. ಶಿರಸಿ ಭಾಗದ ಅಡಿಕೆ ಬೆಳೆಗಾರರು ತಜ್ಞರನ್ನು ಕರೆಸಿ ಕೂರಿಸಿ, ಯೋಜನೆಯ ಲಾಭ ನಷ್ಟದ ಲೆಕ್ಕವನ್ನು ಬಿಡಿಸಿ ನೋಡಿದರು, ಯೋಜನೆ ನಿಂತಿತು. ಜನ ಇಂಥ ದಾಖಲೆಗಳನ್ನು ಓದುವುದಿಲ್ಲ ಎನ್ನುವವರಿಗೆ ಬೇಡ್ತಿಯೇ ಉತ್ತರ. ಎಲ್ಲರೂ ಓದಬೇಕಿಲ್ಲ. ಊರಿನ ಒಬ್ಬ ಶಿಕ್ಷಕ, ಒಬ್ಬ ವಕೀಲೆ, ಒಬ್ಬ ಪತ್ರಕರ್ತ ಓದಿ ಉಳಿದವರಿಗೆ ಹೇಳುವಂತಿದ್ದರೆ ಸಾಕು.

ಇನ್ನು ಆಕ್ಷೇಪಗಳು. ಖಾಸಗಿತನದ್ದು ಎಲ್ಲಕ್ಕಿಂತ ತೂಕದ್ದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಒಬ್ಬ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ನಿರ್ದೇಶಿಸಿತ್ತು. ಇದು ಸರಿಯಾದ ಕಾಳಜಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು, ಆಧಾರ್ ಸಂಖ್ಯೆ, ರೋಗದ ವಿವರ, ಮಕ್ಕಳ ಹೆಸರು ಯಾವ ದಾಖಲೆಯಲ್ಲೂ ಬಯಲಾಗಬಾರದು. ಆದರೆ ಮರೆಮಾಡಬೇಕಾದದ್ದು ವ್ಯಕ್ತಿಯ ಖಾಸಗಿ ವಿವರ. ಪ್ರಭುತ್ವ ಆ ವ್ಯಕ್ತಿಯ ವಿಷಯದಲ್ಲಿ ತೆಗೆದುಕೊಂಡ ನಿರ್ಧಾರ ಮತ್ತು ಅದರ ಕಾರಣ ಸಾರ್ವಜನಿಕವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಮಾಹಿತಿಗಷ್ಟೇ ಇದ್ದ ವಿನಾಯಿತಿಯನ್ನು ಎಲ್ಲ ವೈಯಕ್ತಿಕ ಮಾಹಿತಿಗೂ ಹಿಗ್ಗಿಸಿದ್ದು ಈ ಗೆರೆಯನ್ನೇ ಅಳಿಸುತ್ತದೆ. ಅರಣ್ಯ ಹಕ್ಕಿನ ಪಟ್ಟಿ, ಪುನರ್ವಸತಿ ಪರಿಹಾರದ ಪಟ್ಟಿ ಹೆಸರುಗಳಿಲ್ಲದೆ ಇರಲಾರವು. ಹೆಸರಿದೆ ಎಂದು ಮುಚ್ಚಿದರೆ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂದು ಊರಿಗೇ ತಿಳಿಯದು. ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಮಾಹಿತಿ ಕೊಡಬಹುದೆಂಬ 8(2)ನೆಯ ಉಪಕಲಮು ಉಳಿದಿದೆ. ಅದು ಅಧಿಕಾರಿಯ ವಿವೇಚನೆಯ ಮಾತಾದ್ದರಿಂದ ಅರ್ಜಿದಾರನ ಹಾದಿ ಉದ್ದವಾಗುತ್ತದೆ.

ಎರಡನೆಯ ಆಕ್ಷೇಪ ಭದ್ರತೆಯದು. ಹುಲಿ ಯಾವ ಹಳ್ಳದಲ್ಲಿ ಮರಿ ಹಾಕಿದೆ ಎಂಬ ಕ್ಯಾಮೆರಾ ದಾಖಲೆಯನ್ನಾಗಲಿ, ಕೈಗಾ ಅಣುಸ್ಥಾವರದ ಕಾವಲಿನ ನಕ್ಷೆಯನ್ನಾಗಲಿ ಬಯಲಿಗಿಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ 2007ರಲ್ಲಿ ದಾಂಡೇಲಿ ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಅಡವಿಯ ಗಡಿ ಎಲ್ಲಿ, ಅದರೊಳಗಿನ ಯಾವ ಊರು ಸ್ವಇಚ್ಛೆಯಿಂದ ಹೊರಬರಲು ಒಪ್ಪಿದೆ, ಆ ಒಪ್ಪಿಗೆಯ ಗ್ರಾಮಸಭೆ ಯಾವಾಗ ನಡೆಯಿತು, ಯಾರಿಗೆ ಎಷ್ಟು ಪರಿಹಾರ ಸಂದಿದೆ ಎಂಬುದರಲ್ಲಿ ಗುಟ್ಟೇನಿದೆ? ಮೂರನೆಯದು ಖರ್ಚು. ದಾಖಲೆ ತಯಾರಿಸಿದ ಖರ್ಚು ಆಗಲೇ ಆಗಿದೆ. ಸ್ಕ್ಯಾನ್ ಮಾಡಿ ಇಡುವ ಖರ್ಚು ಒಂದು ಬಾರಿಯದು, ಒಂದೊಂದೇ ಅರ್ಜಿಗೆ ಹುಡುಕಿ ನಕಲು ಮಾಡಿ ಮೇಲ್ಮನವಿ ನಡೆಸುವ ಖರ್ಚು ಕೊನೆಯಿಲ್ಲದ್ದು. ನಾಲ್ಕನೆಯದು ದುರ್ಬಳಕೆ. ಮಾಹಿತಿ ಹಕ್ಕನ್ನು ಬೆದರಿಕೆಗೆ ಬಳಸುವವರು ಇದ್ದಾರೆ, ನಿಜ. ಆದರೆ ಒಬ್ಬನಿಗೆ ಮಾತ್ರ ಸಿಕ್ಕ ಕಾಗದಕ್ಕೇ ಬೆದರಿಕೆಯ ಬೆಲೆ. ಎಲ್ಲರಿಗೂ ಸಿಗುವ ಕಾಗದವನ್ನು ಹಿಡಿದು ಯಾರನ್ನು ಹೆದರಿಸಲಾದೀತು? ದಲ್ಲಾಳಿಯ ಅಂಗಡಿ ಮುಚ್ಚುವ ದಾರಿಯೆಂದರೆ ಕಡತವನ್ನು ಎಲ್ಲರಿಗೂ ತೆರೆಯುವುದು. ಕೊನೆಯದು, ಎಲ್ಲವೂ ಬಯಲಾದರೆ ಅಧಿಕಾರಿಗಳು ಮನಬಿಚ್ಚಿ ಅಭಿಪ್ರಾಯ ಬರೆಯಲಾರರು ಎಂಬ ಅಳುಕು. ಪರಿಶೀಲನೆಯಲ್ಲಿರುವ ಟಿಪ್ಪಣಿಗೆ ಸ್ವಲ್ಪ ಕಾಲ ಮರೆ ಕೊಡಬಹುದು. ನಿರ್ಧಾರವಾದ ಮೇಲೆ, ತಜ್ಞರು ತಮ್ಮ ವರದಿ ಒಪ್ಪಿಸಿದ ಮೇಲೆ, ಆ ಮರೆಗೆ ಕಾರಣ ಉಳಿಯುವುದಿಲ್ಲ.

ಸಭಿಕರೇ, ಸಾಕ್ಷ್ಯ ಕಾನೂನಿನಲ್ಲಿ ಹಳೆಯದೊಂದು ಊಹೆಯ ಸೂತ್ರವಿದೆ. 1872ರ ಕಾಯ್ದೆಯ 114ನೆಯ ಕಲಮಿನ ದೃಷ್ಟಾಂತವಾಗಿದ್ದ ಅದು ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಲ್ಲಿ ಮುಂದುವರಿದಿದೆ. ಹಾಜರುಪಡಿಸಬಹುದಾಗಿದ್ದ ಪುರಾವೆಯನ್ನು ಒಬ್ಬನು ತಡೆಹಿಡಿದರೆ, ಅದು ಹೊರಬಂದಿದ್ದಲ್ಲಿ ಅವನಿಗೇ ಪ್ರತಿಕೂಲವಾಗುತ್ತಿತ್ತು ಎಂದು ನ್ಯಾಯಾಲಯ ಊಹಿಸಬಹುದು. ಇಬ್ಬರು ಖಾಸಗಿ ವ್ಯಾಜ್ಯದಾರರ ನಡುವೆ ಸಲ್ಲುವ ಈ ನ್ಯಾಯ ಪ್ರಭುತ್ವ ಮತ್ತು ಪ್ರಜೆಯ ನಡುವೆ ಸಲ್ಲದೇ ಹೋಗಲು ಕಾರಣವಿಲ್ಲ. ಜೋಯಿಡಾದ ಕುಣಬಿ ಕುಟುಂಬವೊಂದು 75 ವರ್ಷಗಳ ವಾಸದ ದಾಖಲೆ ತರಲಿಲ್ಲವೆಂದು ಅರ್ಜಿ ತಳ್ಳಿಹಾಕುವ ಮೊದಲು, ಆ ಹಳ್ಳಿಯ ವ್ಯವಸ್ಥಾಪನಾ ವರದಿ, ಹಳೆಯ ನಕ್ಷೆ, ಜನಗಣತಿಯ ಪುಟ, ಪ್ರಕರಣಗಳ ವಹಿಗಳನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ, ಉಚಿತವಾಗಿ ಇಡಲಾಗಿತ್ತೇ ಎಂದು ಮೇಲ್ಮನವಿಯ ಸಮಿತಿ ಮೊದಲು ಕೇಳಬೇಕು. ಇಟ್ಟಿರದಿದ್ದರೆ ಆ ಕೊರತೆಯ ಭಾರ ಅರ್ಜಿದಾರರ ಮೇಲೆ ಬೀಳಬಾರದು. ಕಪಾಟಿನ ಕೀಲಿ ಯಾರ ಕೈಯಲ್ಲಿದೆಯೋ ಅವರ ಮೇಲೆ ಬೀಳಬೇಕು. ಈ ಒಂದು ನಿಯಮ ರೂಢಿಗೆ ಬಂದರೆ ದಾಖಲೆ ತೆರೆಯಿರೆಂದು ಯಾರೂ ಬೇಡಬೇಕಾಗುವುದಿಲ್ಲ. ಮುಚ್ಚಿಟ್ಟುಕೊಂಡರೆ ತನಗೇ ನಷ್ಟವೆಂದು ಗೊತ್ತಾದ ಇಲಾಖೆ ತಾನಾಗಿಯೇ ಸೂಚಿ ಬರೆಯುತ್ತದೆ, ಕನ್ನಡಕ್ಕೆ ತರಿಸುತ್ತದೆ, ಹಳ್ಳಿಯವರೆಗೆ ತಲುಪಿಸುತ್ತದೆ.